ಹಾಲಿನ ದರ ಮತ್ತು ಗೃಹಸ್ಥನ ಲೆಕ್ಕ

ಹಾಲಿನ ಖರೀದಿ ದರ ಇಳಿದ ಸುದ್ದಿ ನನಗೆ ವೃತ್ತಪತ್ರಿಕೆಯಿಂದ ತಿಳಿಯುವುದು ಅಪರೂಪ. ಅದಕ್ಕಿಂತ ಮೊದಲೇ ಅದು ನನ್ನ ಅಂಗಡಿಯ ಉದ್ರಿ ವಹಿಯಲ್ಲಿ ಕಾಣಿಸಿಕೊಂಡಿರುತ್ತದೆ. ಚಿಕ್ಕೋಡಿ ತಾಲ್ಲೂಕಿನಲ್ಲಿ ನಾಲ್ಕು ದಶಕಗಳಿಂದ ಹಿಂಡಿ, ಬೂಸಾ, ಪಶು ಆಹಾರಗಳ ವ್ಯಾಪಾರ ಮಾಡುತ್ತ ಬಂದವನು ನಾನು. ದರ ಸರಿಯಾಗಿದ್ದಾಗ ಡೇರಿಯ ಬಿಲ್ಲು ಕೈಗೆ ಬಂದ ದಿನವೇ ರೈತರು ಹಳೆಯ ಬಾಕಿ ತೀರಿಸಿ ಹೊಸ ಚೀಲ ಒಯ್ಯುತ್ತಾರೆ. ದರ ಇಳಿದ ತಿಂಗಳಲ್ಲಿ ಮೊದಲು ಸರಕಿ ಹಿಂಡಿಯ ಮಾರಾಟ ಕುಗ್ಗುತ್ತದೆ. ಅನಂತರ ಚೀಲದ ಪಶು ಆಹಾರ ಅರ್ಧಕ್ಕೆ ಬರುತ್ತದೆ. ಕಟ್ಟಕಡೆಗೆ ಉಳಿಯುವುದು ಗೋಧಿ ಬೂಸಾ ಒಂದೇ, ಅದೂ ಉದ್ರಿಯ ಮೇಲೆ.

ಆದ್ದರಿಂದ ಈ ವಿಷಯದಲ್ಲಿ ನಾನು ಪೂರ್ಣ ತಟಸ್ಥನೆಂದು ಹೇಳಿಕೊಳ್ಳಲಾರೆ. ರೈತನ ಹಾಲಿಗೆ ಒಳ್ಳೆಯ ದರ ಬಂದರೆ ನನ್ನ ವ್ಯಾಪಾರಕ್ಕೂ ಒಳಿತು. ವಾಚಕರು ಇದನ್ನು ಮನಸ್ಸಿನಲ್ಲಿಟ್ಟುಕೊಂಡೇ ಮುಂದಿನದನ್ನು ಓದಬೇಕೆಂದು ಕೋರುತ್ತೇನೆ.

ಕೊಟ್ಟಿಗೆಯಲ್ಲಿ ಮೇವು ಕಡಿತವಾಗುವುದಕ್ಕೂ ಒಂದು ಕ್ರಮವಿದೆ. ಹಾಲು ಕೊಡುವ ಆಕಳಿನ ಪಾಲಿಗೆ ರೈತನು ಸುಲಭವಾಗಿ ಕೈ ಹಚ್ಚುವುದಿಲ್ಲ. ಹಚ್ಚಿದರೆ ಮರುದಿನವೇ ಹಾಲು ಇಳಿಯುತ್ತದೆ. ಹೋರಿಕರುವಿನ ಪಾಲು ಹುಟ್ಟಿದಂದಿನಿಂದಲೇ ಕಡಿಮೆ. ಅದರ ಬಳಿಕ ಬತ್ತಿದ ಆಕಳು, ಆಮೇಲೆ ಮಣಕ. ಬೂಸಾ ಕೊಂಡು ಹೋಗುವವನ ಮುಖ ನೋಡಿದರೆ ಯಾವ ಪಶುವಿನ ಸರದಿ ಬಂದಿದೆಯೆಂದು ನನಗೆ ಊಹಿಸಲು ಬರುತ್ತದೆ. ಅಹಿಂಸಾಣುವ್ರತಕ್ಕೆ ಹೇಳಿರುವ ಐದು ಅತಿಚಾರಗಳು ನಮಗೆಲ್ಲ ಬಾಯಿಪಾಠ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಕೊನೆಯದನ್ನು ಓದುವಾಗ ನಾವು ಕ್ರೂರಿಯಾದ ಯಜಮಾನನೊಬ್ಬನನ್ನು ಕಲ್ಪಿಸಿಕೊಳ್ಳುತ್ತೇವೆ. ನಾನು ಕಂಡ ಅನ್ನಪಾನನಿರೋಧಗಳಲ್ಲಿ ಹೆಚ್ಚಿನವು ಕ್ರೌರ್ಯದಿಂದ ಆದವುಗಳಲ್ಲ, ಲೀಟರಿಗೆ ಏಳು ರೂಪಾಯಿ ಇಳಿದುದರಿಂದ ಆದವು.

ದರ ಇಳಿಯುವುದಾದರೂ ಏಕೆ? ನಮ್ಮ ಜನರು ಡೇರಿಯವರನ್ನು ಬಯ್ದು ಸುಮ್ಮನಾಗುತ್ತಾರೆ. ಅದರಲ್ಲಿ ಅರ್ಧ ಸತ್ಯವಿರಬಹುದು. ಉಳಿದರ್ಧ ಹಾಲಿನ ಪುಡಿಯಲ್ಲಿದೆ. ಚಳಿಗಾಲದಲ್ಲಿ ಹಾಲು ಉಕ್ಕಿ ಬಂದಾಗ ಪೇಟೆಯಲ್ಲಿ ಖರ್ಚಾಗದೆ ಉಳಿದುದನ್ನು ಪುಡಿ ಮತ್ತು ಬೆಣ್ಣೆಯಾಗಿ ಪರಿವರ್ತಿಸಬೇಕಾಗುತ್ತದೆ. ಆಕಳ ಹಾಲಿಗೆ ಇರುವ ಪ್ರಮಾಣ ಕೊಬ್ಬು 3.5, ಕೊಬ್ಬೇತರ ಘನಾಂಶ 8.5. ಅಂತಹ 100 ಲೀಟರ್ ಹಾಲಿನಿಂದ ಸುಮಾರು 9 ಕಿಲೋ ಕೆನೆರಹಿತ ಪುಡಿ, 4 ಕಿಲೋಗಿಂತ ತುಸು ಹೆಚ್ಚು ಬೆಣ್ಣೆ ದೊರೆಯುತ್ತವೆ. ಪುಡಿಯ ಬೆಲೆ ಕಿಲೋಗೆ 50 ರೂಪಾಯಿ ಇಳಿಯಿತೆನ್ನೋಣ. ನೂರು ಲೀಟರಿಗೆ 450 ರೂಪಾಯಿ, ಅಂದರೆ ಲೀಟರಿಗೆ ನಾಲ್ಕೂವರೆ ರೂಪಾಯಿ ಮಾಯವಾಯಿತು. ಪುಡಿಯ ದರವನ್ನು ನಿರ್ಧರಿಸುವ ಪೇಟೆಯು ದೇಶದಾಚೆಗೂ ಹಬ್ಬಿದೆ. ನಮ್ಮ ರೈತನು ಅದನ್ನು ಕಂಡಿಲ್ಲ, ಕಾಣುವುದೂ ಇಲ್ಲ. ವಿಚಿತ್ರವೆಂದರೆ, 1970ರಲ್ಲಿ ಆರಂಭವಾದ ಆಪರೇಷನ್ ಫ್ಲಡ್ ಯೋಜನೆಗೆ ಮೂಲ ಬಂಡವಾಳವಾಗಿದ್ದುದೂ ಪುಡಿಯೇ. ಯೂರೋಪಿನಿಂದ ದಾನವಾಗಿ ಬಂದ ಪುಡಿ ಮತ್ತು ಬೆಣ್ಣೆ ಎಣ್ಣೆಯನ್ನು ಪೇಟೆ ಕೆಡದಂತೆ ಎಚ್ಚರದಿಂದ ಮಾರಿ, ಆ ಹಣದಿಂದ ವರ್ಗೀಸ್ ಕುರಿಯನ್ ಅವರು ಸಹಕಾರಿ ಹಾಲಿನ ಜಾಲವನ್ನು ದೇಶಾದ್ಯಂತ ಹರಡಿದರು. ಅಂದು ಕಟ್ಟಿದ ಪುಡಿಯೇ ಇಂದು ದಾಸ್ತಾನು ಬೆಳೆದಾಗಲೆಲ್ಲ ರೈತನ ದರವನ್ನು ಕೆಳಕ್ಕೆ ಎಳೆಯುತ್ತದೆ. 2013ರ ಆಗಸ್ಟ್ 1ರಂದು ನಮ್ಮ ರಾಜ್ಯದಲ್ಲಿ ಶಾಲಾ ಮಕ್ಕಳಿಗಾಗಿ ಕ್ಷೀರಭಾಗ್ಯ ಆರಂಭವಾದುದು ಮಕ್ಕಳ ಪುಷ್ಟಿಗೆ ಎಷ್ಟು ಅವಶ್ಯವಾಗಿತ್ತೋ, ಹೆಚ್ಚುವರಿ ಪುಡಿಗೆ ಒಂದು ದಾರಿ ತೋರಿಸಲೂ ಅಷ್ಟೇ ಅವಶ್ಯವಾಗಿತ್ತು.

ಗಡಿಭಾಗದವರಾದ ನಮಗೆ ಇನ್ನೊಂದು ಅನುಭವವಿದೆ. ಕರ್ನಾಟಕದಲ್ಲಿ ಹಾಲಿನ ವ್ಯವಹಾರದ ಬೆನ್ನೆಲುಬು ಸಹಕಾರ. ಊರಿನ ಸಂಘ, ಜಿಲ್ಲೆಯ ಒಕ್ಕೂಟ, ರಾಜ್ಯದ ಮಹಾಮಂಡಳ ಎಂಬ ಮೂರು ಮೆಟ್ಟಿಲುಗಳ ಈ ಕಟ್ಟಡಕ್ಕೆ 1974ರಲ್ಲಿ ಅಡಿಗಲ್ಲು ಬಿದ್ದಿತು. ಸಂಘಕ್ಕೆ ಹಾಲು ಹಾಕಿದವನಿಗೆ ಸರ್ಕಾರದ ಪ್ರೋತ್ಸಾಹಧನವೂ ಉಂಟು: 2008ರಲ್ಲಿ ಲೀಟರಿಗೆ 2 ರೂಪಾಯಿಯಿಂದ ಆರಂಭವಾಗಿ 2013ರಲ್ಲಿ 4, 2016ರಲ್ಲಿ 5 ರೂಪಾಯಿಗೆ ಏರಿತು. ಅದು ಹಲವು ತಿಂಗಳು ತಡವಾಗಿ ಬಂದ ವರ್ಷಗಳೂ ಇವೆ ಎಂಬುದನ್ನು ಹೇಳದೆ ಬಿಡುವಂತಿಲ್ಲ. ಉದ್ರಿ ಕೊಟ್ಟವನಿಗೆ ಅದು ಚೆನ್ನಾಗಿ ನೆನಪಿರುತ್ತದೆ. 2025ರ ಏಪ್ರಿಲ್ 1ರಂದು ನಂದಿನಿ ಹಾಲಿನ ಮಾರಾಟ ದರ 4 ರೂಪಾಯಿ ಏರಿದಾಗ ಆ ಹೆಚ್ಚಳ ಉತ್ಪಾದಕರಿಗೇ ಸಲ್ಲುವುದೆಂದು ಸರ್ಕಾರ ಸಾರಿತು. ಪಟ್ಟಣದ ಗೃಹಿಣಿಯರು ಗೊಣಗಿದರು. ನಮ್ಮ ಮನೆಯಲ್ಲಿಯೂ ಗೊಣಗಾಟವಾಯಿತು.

ಗಡಿಯಾಚೆ ಮಹಾರಾಷ್ಟ್ರದಲ್ಲಿ ಗೋಕುಳ, ವಾರಣಾದಂತಹ ಬಲವಾದ ಸಹಕಾರಿ ಸಂಸ್ಥೆಗಳಿದ್ದರೂ ರಾಜ್ಯದ ಹಾಲಿನ ಬಹುಪಾಲು ಖಾಸಗಿ ಡೇರಿಗಳ ಕೈಯಲ್ಲಿದೆ. 2018ರ ಜುಲೈಯಲ್ಲಿ ರಾಜು ಶೆಟ್ಟಿಯವರ ನೇತೃತ್ವದಲ್ಲಿ ಅಲ್ಲಿನ ರೈತರು ಮುಂಬಯಿಗೆ ಹೋಗುವ ಹಾಲನ್ನು ತಡೆದರು. ಲೀಟರಿಗೆ 25 ರೂಪಾಯಿ ಕೊಡುವುದಾಗಿ ಸರ್ಕಾರ ಒಪ್ಪಿದ ಮೇಲೆ ಚಳವಳಿ ನಿಂತಿತು. 2023ರ ಜುಲೈಯಲ್ಲಿ 34 ರೂಪಾಯಿಯ ಕನಿಷ್ಠ ದರ ಘೋಷಣೆಯಾಯಿತು. ಅದೇ ವರ್ಷ ಚಳಿಗಾಲ ಬರುವಷ್ಟರಲ್ಲಿ ಎಷ್ಟೋ ಕಡೆ ಕೈಗೆ ಸಿಗುತ್ತಿದ್ದುದು 26-27 ರೂಪಾಯಿ. 2024ರ ಜನವರಿಯಲ್ಲಿ ಸರ್ಕಾರ 5 ರೂಪಾಯಿ ಅನುದಾನ ಸೇರಿಸಬೇಕಾಯಿತು. ರಸ್ತೆಯ ಮೇಲೆ ಹಾಲು ಚೆಲ್ಲುವ ಚಿತ್ರಗಳನ್ನು ಕಂಡು ನಮ್ಮಲ್ಲಿ ಅನೇಕರು ನೊಂದುಕೊಂಡರು. ನನಗೂ ನೋವಾಯಿತು. ಆದರೆ ಆ ಹಾಲು ಕ್ಯಾನಿನಲ್ಲಿಯೇ ಉಳಿದು ಹಾಕಿದ ಖರ್ಚಿಗೂ ಕಡಿಮೆ ಬೆಲೆಗೆ ಮಾರಾಟವಾಗಿದ್ದರೆ ನಾವು ನೊಂದುಕೊಳ್ಳುತ್ತಿದ್ದೆವೇ?

ನಮ್ಮ ಸಮಾಜದ ಒಬ್ಬ ಯುವಕನ ಸಂಗತಿಯನ್ನು ಇಲ್ಲಿ ಹೇಳಬೇಕು. ಮೂರು ಎಕರೆ ಹೊಲ, ಐದು ಜರ್ಸಿ ಮತ್ತು ಎಚ್.ಎಫ್. ಆಕಳುಗಳು, ವಯಸ್ಸಾದ ತಾಯಿ, ಶಾಲೆಗೆ ಹೋಗುವ ಇಬ್ಬರು ಮಕ್ಕಳು. ಗಡಿಯಾಚೆಯ ಖಾಸಗಿ ಡೇರಿಯೊಂದಕ್ಕೆ ಹಾಲು ಹಾಕುತ್ತಾನೆ. ದರ 27ಕ್ಕೆ ಬಂದಾಗ ಅವನು ಅಂಗಡಿಗೆ ಬಂದು, “ಕಾಕಾ, ಆಕಳಾ ನನ್ನ ಸಾಕಾಕತ್ತಾವೋ, ನಾ ಡೇರಿಯವ್ರನ್ನ ಸಾಕಾಕತ್ತೀನೋ, ಒಂದೂ ತಿಳೀವಲ್ದು,” ಎಂದನು. ಲೆಕ್ಕ ಹಾಕೋಣವೆಂದು ಕಾಗದ ತೆಗೆದೆವು.

ಹತ್ತು ಲೀಟರ್ ಕೊಡುವ ಆಕಳನ್ನು ಹಿಡಿದುಕೊಂಡೆವು. ಶರೀರ ಪೋಷಣೆಗೆ ಒಂದೂವರೆ ಕಿಲೋ, ಪ್ರತಿ ಲೀಟರ್ ಹಾಲಿಗೆ 400 ಗ್ರಾಂ, ಒಟ್ಟು ಐದೂವರೆ ಕಿಲೋ ಪಶು ಆಹಾರ. ಕಿಲೋಗೆ 30 ರೂಪಾಯಿಯಂತೆ 165. ಹಸಿ ಮೇವು 20 ಕಿಲೋ, 60 ರೂಪಾಯಿ. ಕಣಕಿ 5 ಕಿಲೋ, 35 ರೂಪಾಯಿ. ಖನಿಜ ಮಿಶ್ರಣ, ಔಷಧ ಎಂದು 10 ರೂಪಾಯಿ. ಒಟ್ಟು 270. ಹಾಲಿನ ಉತ್ಪನ್ನ 27ರಂತೆ 270. ಜಮೆ ಖರ್ಚು ಸರಿಸಮ. ದರ 34 ಇದ್ದಾಗ 70 ರೂಪಾಯಿ ಉಳಿಯುತ್ತಿತ್ತು. ಅದೇ ಅವನ ತಾಯಿಯು ಬೆಳಗಿನ ಐದಕ್ಕೆ ಎದ್ದು ಸೆಗಣಿ ಬಾಚಿ, ಹಾಲು ಕರೆದು, ಮೇವು ಕತ್ತರಿಸಿದ ಕೂಲಿ. ಇಷ್ಟು ದಿನ ಅವನಿಗೆ ಹೈನು ಲಾಭವೆಂದು ತೋರುತ್ತಿದ್ದುದಕ್ಕೆ ಕಾರಣ, ಸ್ವಂತ ಹೊಲದ ಮೇವಿಗೆ ಅವನು ಬೆಲೆ ಕಟ್ಟಿರಲಿಲ್ಲ, ತಾಯಿಯ ದುಡಿಮೆಗಂತೂ ಯಾರೂ ಬೆಲೆ ಕಟ್ಟುವುದಿಲ್ಲ. ಹಳ್ಳಿಯ ಹೈನುಗಾರಿಕೆಯು ನಿಂತಿರುವುದೇ ಈ ಎರಡು ಬರೆಯದ ಕಲಮುಗಳ ಮೇಲೆ.

ಖರ್ಚು ಉಳಿಸಲು ಪಶು ಆಹಾರ ಕಡಿಮೆ ಮಾಡಿದರೆ ಹಾಲು ಇಳಿಯುವುದಲ್ಲದೆ ಡಿಗ್ರಿಯೂ ಇಳಿಯುತ್ತದೆ. ನಿಗದಿತ ಪ್ರಮಾಣಕ್ಕಿಂತ ಒಂದೊಂದು ಪಾಯಿಂಟು ಕಡಿಮೆಯಾದಂತೆ ಡೇರಿಯಲ್ಲಿ ದರ ಕಡಿತ. ಹೀಗೆ ಬಡತನವು ಲ್ಯಾಕ್ಟೋಮೀಟರಿನಲ್ಲಿಯೂ ಕಾಣಿಸಿಕೊಂಡು, ಅದಕ್ಕೂ ದಂಡ ಬೀಳುತ್ತದೆ.

ಆ ಯುವಕನ ಕಿಸೆಯಲ್ಲಿ ಇನ್ನೊಂದು ಕಾಗದವಿತ್ತು: ಬ್ರಾಯ್ಲರ್ ಕೋಳಿ ಕಂಪನಿಯೊಂದರ ಕರಾರುಪತ್ರ. ಮರಿ, ಆಹಾರ, ಔಷಧ ಕಂಪನಿಯವು. ಶೆಡ್ಡು, ನೀರು, ವಿದ್ಯುತ್ತು, ದುಡಿಮೆ ರೈತನವು. ಆರು ವಾರಗಳ ಆಸುಪಾಸಿನಲ್ಲಿ ಕೋಳಿ ತೂಕಕ್ಕೆ ಬಂದಾಗ ಕಂಪನಿಯೇ ಒಯ್ದು, ಕಿಲೋಗೆ ಇಷ್ಟೆಂದು ಸಾಕಣೆ ಕೂಲಿ ಕೊಡುತ್ತದೆ. ನಾನು ಅದನ್ನು ಎರಡು ಸಲ ಓದಿದೆ. ಪೇಟೆಯ ದರ ಇಳಿದರೆ ನಷ್ಟ ಕಂಪನಿಗೆ ಎಂಬ ಒಂದಂಶದಲ್ಲಿ ಅದು ಹಾಲಿಗಿಂತ ಸುಭದ್ರವಾಗಿತ್ತು ಎಂಬುದನ್ನು ಅಲ್ಲಗಳೆಯಲಾಗದು. ಆದರೆ ಶೆಡ್ಡಿನ ಸಾಲ ರೈತನದು. ಮರಿಗಳನ್ನು ಎಂದು ಕಳಿಸಬೇಕು, ಎಷ್ಟು ಕಳಿಸಬೇಕು ಎಂಬುದು ಕಂಪನಿಯ ಇಚ್ಛೆ. 2020ರ ಮಾರ್ಚಿನಲ್ಲಿ ಕೊರೋನಾ ಕುರಿತ ಗಾಳಿಮಾತಿನಿಂದ ಕೋಳಿಯ ಬೆಲೆ ಕುಸಿದಾಗ ನಮ್ಮದೇ ಜಿಲ್ಲೆಯ ಗೋಕಾಕ ತಾಲ್ಲೂಕಿನಲ್ಲಿ ಸಾವಿರಾರು ಕೋಳಿಗಳನ್ನು ಜೀವಂತವಾಗಿ ಗುಂಡಿಯಲ್ಲಿ ಹೂತುದನ್ನು ನಾವು ಯಾರೂ ಮರೆತಿಲ್ಲ.

ಸುದ್ದಿ ಊರಿಗೆ ಹಬ್ಬಲು ತಡವಾಗಲಿಲ್ಲ. ಬಸದಿಯ ಅಂಗಳದಲ್ಲಿ ಹಿರಿಯರೊಬ್ಬರು ಅವನನ್ನು ತಡೆದು, “ಕೋಳಿ ಸಾಕಾಂವ ಈ ಮೆಟ್ಟಲಾ ಹತ್ತಬ್ಯಾಡ,” ಎಂದರು. ಕೊಲ್ಲುವವನು ನಾನಲ್ಲವಲ್ಲ ಎಂದು ಅವನು ಹೇಳಿದಾಗ ಅವರು ಶಾಸ್ತ್ರವನ್ನೇ ಮುಂದಿಟ್ಟರು: ಕೃತ, ಕಾರಿತ, ಅನುಮೋದನ, ಮೂರೂ ಸಮಾನವೆಂದರು.

ಹಿರಿಯರು ಹೇಳಿದುದು ಶಾಸ್ತ್ರಸಮ್ಮತವೇ. ಗೃಹಸ್ಥನಿಗೆ ಕೃಷಿಯಲ್ಲಿ, ವ್ಯಾಪಾರದಲ್ಲಿ ಆಗುವ ಉದ್ಯೋಗೀ ಹಿಂಸೆಯನ್ನು ಪೂರ್ಣ ತಪ್ಪಿಸುವುದು ಸಾಧ್ಯವಿಲ್ಲವೆಂದು ಒಪ್ಪಿದ ಆಚಾರ್ಯರು ಸಂಕಲ್ಪೀ ಹಿಂಸೆಗೆ ಮಾತ್ರ ರಿಯಾಯಿತಿ ಕೊಟ್ಟಿಲ್ಲ. ವಧೆಗಾಗಿಯೇ ಒಂದು ಜೀವವನ್ನು ಸಾಕುವುದು ಉದ್ಯೋಗೀ ಹಿಂಸೆಯ ಸೀಮೆಯೊಳಗೆ ಬರುವುದೆಂದು ನನಗೂ ಅನಿಸುವುದಿಲ್ಲ. ಕುರಿ ಮೇಕೆ ಸಾಕಣೆಗೂ ಇದೇ ಮಾತು. ರೇಷ್ಮೆಯಲ್ಲಿ ಹುಳು ಗೂಡಿನೊಳಗಿರುವಾಗಲೇ ಬಿಸಿಗೆ ಒಡ್ಡುವುದರಿಂದ ಅದೂ ನಮಗೆ ಸಲ್ಲದು. ಇಷ್ಟೆಲ್ಲವನ್ನೂ ಒಪ್ಪಿ ನಾನು ಹಿರಿಯರಿಗೆ ಒಂದು ಪ್ರಶ್ನೆ ಹಾಕಿದೆ. ಅನುಮೋದನೆಯ ಪಾಪವು ಮಾರುವವನಿಗೆ ತಗಲುವುದಾದರೆ ಕೊಳ್ಳುವವನಿಗೆ ಏಕೆ ತಗಲದು? 27 ರೂಪಾಯಿಗೆ ಖರೀದಿಯಾದ ಹಾಲಿನ ಚಹ ಕುಡಿಯುತ್ತ, ಅದೇ ಹಾಲಿನ ತುಪ್ಪದಿಂದ ಆರತಿ ಬೆಳಗುತ್ತ, ಬತ್ತಿದ ಆಕಳು ಮೇವಿಲ್ಲದೆ ನಿಂತಿರುವುದನ್ನು ನಾವು ಅನುಮೋದಿಸುತ್ತಿಲ್ಲವೇ? ಅವರು ಉತ್ತರ ಕೊಡಲಿಲ್ಲ. ಸಿಟ್ಟಾದರೆಂದೂ ತೋರಲಿಲ್ಲ.

ಬಿ.ಕಾಂ. ಓದುವಾಗ ಪರಿವ್ಯಯ ಲೆಕ್ಕಶಾಸ್ತ್ರದಲ್ಲಿ ಜೋಡಿ ಉತ್ಪನ್ನಗಳೆಂಬ ಪಾಠವಿತ್ತು. ಒಂದೇ ಖರ್ಚಿನಿಂದ ಎರಡು ಮೂರು ವಸ್ತುಗಳು ಹುಟ್ಟುವಾಗ ಆ ಖರ್ಚನ್ನು ಎಲ್ಲದರ ಮೇಲೂ ಹಂಚಬೇಕು. ಹಾಲಿನ ಜೋಡಿ ಉತ್ಪನ್ನ ಕರು. ಆಕಳು ಈಯದೆ ಹಾಲಿಲ್ಲ. ಹುಟ್ಟುವ ಕರುಗಳಲ್ಲಿ ಅರ್ಧ ಹೋರಿ. ಖಿಲಾರಿ ಹೋರಿಗಾದರೆ ಗಳೆಯುಂಟು, ಬಂಡಿಯುಂಟು. ಟ್ರ್ಯಾಕ್ಟರ್ ಬಂದ ಮೇಲೆ ಅದಕ್ಕೂ ಕೆಲಸ ಕಡಿಮೆಯಾಯಿತು, ಮಿಶ್ರತಳಿಯ ಹೋರಿಗಂತೂ ಮೊದಲಿನಿಂದಲೂ ಕೆಲಸವಿಲ್ಲ. ಹೆಣ್ಣುಕರುವೇ ಹುಟ್ಟುವಂತೆ ಲಿಂಗ ವಿಂಗಡಿಸಿದ ವೀರ್ಯವನ್ನು ಈಗ ಕೊಡುತ್ತಿದ್ದಾರೆ. ಹತ್ತರಲ್ಲಿ ಸುಮಾರು ಒಂಬತ್ತು ಹೆಣ್ಣಾಗುತ್ತವೆ. ಇದು ಸ್ವಾಗತಾರ್ಹ. ಆದರೂ ಮುದಿ ಆಕಳಿನ ಪ್ರಶ್ನೆ ಹಾಗೆಯೇ ಉಳಿಯುತ್ತದೆ.

ಆ ಪ್ರಶ್ನೆಗೂ ಒಂದು ಅಂಕಿ ಹಾಕಿ ನೋಡಿದೆ. ಒಂದು ಸೂಲಿನಲ್ಲಿ 305 ದಿನ, ದಿನಕ್ಕೆ ಸರಾಸರಿ 8 ಲೀಟರ್ ಎಂದರೆ 2,440 ಲೀಟರ್. ಐದು ಸೂಲಿಗೆ 12,200. ಆಮೇಲೆ ಆ ಆಕಳು ಇನ್ನು ಆರು ವರ್ಷ ಬದುಕಿತೆಂದು ಹಿಡಿಯೋಣ. ಬರಿಯ ಮೇವು ನೀರಿಗೆ ದಿನಕ್ಕೆ 80 ರೂಪಾಯಿ ಎಂದರೆ ವರ್ಷಕ್ಕೆ 29,200. ಆರು ವರ್ಷಕ್ಕೆ 1,75,200. ಅದನ್ನು ಆಕೆ ಜೀವಮಾನದಲ್ಲಿ ಕೊಟ್ಟ ಹಾಲಿನ ಮೇಲೆ ಹಂಚಿದರೆ ಲೀಟರಿಗೆ 14 ರೂಪಾಯಿಗೂ ಮೇಲಾಗುತ್ತದೆ. ಗೋಶಾಲೆಯಲ್ಲಿ ಅರ್ಧ ಖರ್ಚಿನಲ್ಲಿ ಸಾಕಿದರೂ 7 ರೂಪಾಯಿ. ಈ 14 ರೂಪಾಯಿ ಯಾವ ಡೇರಿಯ ದರಪಟ್ಟಿಯಲ್ಲಿಯೂ ಇಲ್ಲ, ಯಾವ ಚಳವಳಿಯ ಬೇಡಿಕೆಯಲ್ಲಿಯೂ ಇಲ್ಲ. ಹಿಂದೆ ಅದನ್ನು ಕಸಾಯಿಖಾನೆಯ ದಲ್ಲಾಳಿಯು ತನ್ನ ರೀತಿಯಲ್ಲಿ ಬಗೆಹರಿಸುತ್ತಿದ್ದನು. ರೈತನಿಗೆ ಕೆಲವು ಸಾವಿರ ಸಿಗುತ್ತಿತ್ತು, ಅದು ಹೊಸ ಆಕಳಿಗೆ ಕೂಡಿಕೊಳ್ಳುತ್ತಿತ್ತು. 2021ರಲ್ಲಿ ನಮ್ಮ ರಾಜ್ಯದಲ್ಲಿ ಜಾರಿಗೆ ಬಂದ ಜಾನುವಾರು ವಧೆ ಪ್ರತಿಬಂಧಕ ಕಾಯಿದೆಯು ಆ ದಾರಿಯನ್ನು ಮುಚ್ಚಿತು. ನಾನು ಆ ಕಾಯಿದೆಯನ್ನು ಸ್ವಾಗತಿಸಿದವರಲ್ಲಿ ಒಬ್ಬ, ಇಂದೂ ಅದೇ ಅಭಿಪ್ರಾಯ ನನ್ನದು. ಆದರೆ ಖರ್ಚಿನ ಹೊಣೆ ಯಾರದೆಂದು ಕಾಯಿದೆ ಹೇಳಲಿಲ್ಲ, ಅದು ಹಗ್ಗದಂತೆ ರೈತನ ಗೂಟದಲ್ಲಿಯೇ ಉಳಿಯಿತು. ಮುದಿಯಾದ ಪಶುವನ್ನು ಸಾಕುವ ಪಾಂಜರಾಪೋಳ ನಮ್ಮ ಸಮಾಜದ ಹಳೆಯ ಸಂಸ್ಥೆ. ಅದಕ್ಕೆ ಪರ್ಯೂಷಣದಲ್ಲಿ ಕೊಡುವ ದಾನವನ್ನು ನಾವು ಪುಣ್ಯದ ಬಾಬ್ತಿಗೆ ಬರೆದುಕೊಳ್ಳುತ್ತೇವೆ. ಲೆಕ್ಕಿಗನ ಕಣ್ಣಿಗೆ ಅದು ಕುಡಿದ ಹಾಲಿನ ಬಾಕಿ.

ಹಾಗಾದರೆ ರೈತನಿಗೆ ಅನ್ಯ ಮಾರ್ಗಗಳಿಲ್ಲವೇ? ಇವೆ, ಒಂದೂ ಸುಲಭವಲ್ಲ. ಖವಾ ಮಾಡಬಹುದು; ಬೆಳಗಾವಿಯ ಕುಂದಾಕ್ಕೆ, ಧಾರವಾಡದ ಪೇಢೆಗೆ ಬೇಡಿಕೆ ತಗ್ಗಿಲ್ಲ. ಆದರೆ ಎಮ್ಮೆಯ ಹಾಲಾದರೆ 5 ಲೀಟರಿಗೆ ಹತ್ತಿರ ಹತ್ತಿರ ಒಂದು ಕಿಲೋ ಖವಾ ಬೀಳುತ್ತದೆ, ಆಕಳ ಹಾಲಿಗೆ ಅಷ್ಟು ಬೀಳುವುದಿಲ್ಲ, ಕಟ್ಟಿಗೆ ಇಲ್ಲವೆ ಗ್ಯಾಸಿನ ಖರ್ಚು ಬೇರೆ. ತುಪ್ಪದ ಮೇಲಿನ ಜಿ.ಎಸ್.ಟಿ. 2025ರ ಸೆಪ್ಟೆಂಬರ್ 22ರಿಂದ ಶೇಕಡಾ 12ರ ಬದಲು 5 ಆಯಿತು. ಮನೆಯಲ್ಲಿ ಕಾಸಿ ನೆರೆಯವರಿಗೆ ಮಾರುವ ಹೆಣ್ಣುಮಗಳಿಗೆ ಇದರಿಂದ ಬಂದುದೇನೂ ಇಲ್ಲ. ಎರೆಗೊಬ್ಬರ ಒಳ್ಳೆಯದು, ಸೆಗಣಿಗೆ ಬೆಲೆ ಬರುತ್ತದೆ. ಬತ್ತಿದ ಆಕಳೂ ಸೆಗಣಿ ಕೊಡುತ್ತದೆ ಎಂಬುದು ಅದರ ದೊಡ್ಡ ಗುಣ. ಗೀರ್ ಆಕಳಿನ ಹಾಲನ್ನು ಗಾಜಿನ ಬಾಟಲಿಯಲ್ಲಿ ದುಬಾರಿಗೆ ಮಾರುವುದು ಪುಣೆಯಂತಹ ನಗರದ ಸೆರಗಿನಲ್ಲಿರುವವರಿಗೆ ನಡೆದೀತು, ನಮ್ಮ ಹಳ್ಳಿಗಳಿಗೆ ನಡೆಯದು.

ನನಗೆ ಹೆಚ್ಚು ಭರವಸೆ ಇರುವುದು ರಸಮೇವಿನಲ್ಲಿ. ನಮ್ಮ ಗಡಿಯವರು ಮರಾಠಿಯಂತೆ ಮುರಘಾಸ ಎನ್ನುತ್ತಾರೆ. ಮೆಕ್ಕೆಜೋಳದ ತೆನೆಯಲ್ಲಿ ಕಾಳು ಹಾಲು ತುಂಬಿ ಗಟ್ಟಿಯಾಗುತ್ತಿರುವಾಗ ದಂಟುಸಮೇತ ಕತ್ತರಿಸಿ, ಗಾಳಿ ಆಡದಂತೆ ಅದುಮಿ ಚೀಲದಲ್ಲಿ ತುಂಬಿದರೆ ಸುಮಾರು ಒಂದೂವರೆ ತಿಂಗಳಲ್ಲಿ ಸಿದ್ಧ. ಬೇಸಿಗೆಯಲ್ಲಿ ಹಸಿ ಮೇವು ಸಿಗದಾಗ ಅದಕ್ಕೆ ಒಳ್ಳೆಯ ಗಿರಾಕಿಯುಂಟು. ಹಾಲಿನ ದರ ಬಿದ್ದ ವರ್ಷದಲ್ಲಿ ಮೇವು ಮಾರಿದವನು ಬದುಕಿಕೊಂಡದ್ದನ್ನು ನಾನು ಕಂಡಿದ್ದೇನೆ. ಇದರಿಂದ ನನ್ನ ಪಶು ಆಹಾರದ ಮಾರಾಟ ತುಸು ಕಡಿಮೆಯಾಗುತ್ತದೆ, ಆಗಲಿ.

ಆ ಯುವಕನು ಎರಡು ಆಕಳನ್ನು ಸಾಕುವವರಿಗೇ ಮಾರಿ, ಮೂರನ್ನು ಇಟ್ಟುಕೊಂಡಿದ್ದಾನೆ. ಒಂದು ಮುರ್ರಾ ಎಮ್ಮೆ ತಂದಿದ್ದಾನೆ. ಕಬ್ಬು ತೆಗೆದ ಒಂದು ಎಕರೆಯಲ್ಲಿ ಮೆಕ್ಕೆಜೋಳ ಹಾಕಿ, ಪಕ್ಕದ ಹೊಲದವನೊಡನೆ ಸೇರಿ ಮುರಘಾಸ ಮಾಡುತ್ತಿದ್ದಾನೆ. ಕರಾರಿಗೆ ಸಹಿ ಹಾಕಲಿಲ್ಲ. ಅದಕ್ಕೆ ಹಿರಿಯರ ಮಾತು ಕಾರಣವಲ್ಲ. ಶೆಡ್ಡಿನ ಸಾಲಕ್ಕೆ ಹೊಲ ಒತ್ತೆಯಿಡಲು ತಾಯಿ ಒಪ್ಪಲಿಲ್ಲ. ಆ ಕಾಗದ ಇಂದಿಗೂ ಅವನ ಮನೆಯ ಟ್ರಂಕಿನಲ್ಲಿದೆ. ಇನ್ನೊಂದು ಚಳಿಗಾಲ ದರ ಹಾಗೆಯೇ ಇಳಿದರೆ ಅದು ಹೊರಗೆ ಬಾರದೆಂದು ನಾನು ಹೇಳಲಾರೆ.

ಬಸದಿಯ ಟ್ರಸ್ಟಿನ ಸಭೆಯಲ್ಲಿ ನಾನು ಒಂದು ಸೂಚನೆ ಮಂಡಿಸಿದೆ. ಆರತಿಗೆ ಮತ್ತು ವಾರ್ಷಿಕ ಉತ್ಸವದ ಅಡಿಗೆಗೆ ಬೇಕಾಗುವ ತುಪ್ಪವನ್ನು ಪೇಟೆಯಿಂದ ತರುವ ಬದಲು ಊರಿನಲ್ಲಿ ಎಮ್ಮೆ ಆಕಳು ಸಾಕುವ ಮನೆಗಳಿಂದ, ಮೇಲೆ ಹೇಳಿದ ಲೆಕ್ಕದಂತೆ ಖರ್ಚು ಕಟ್ಟಿ ಕೊಳ್ಳೋಣವೆಂದೆ. ಪೇಟೆಯ ತುಪ್ಪಕ್ಕಿಂತ ಕಿಲೋಗೆ 180 ರೂಪಾಯಿ ಹೆಚ್ಚಾಗುತ್ತದೆ. ಒಬ್ಬ ಟ್ರಸ್ಟಿಗಳು, “ಅಣ್ಣಾ, ದೇವರ ದೀಪಕ್ಕ ಅಗ್ಗದ ತುಪ್ಪಾನ ಬೇಕು ಅಂತ ನಾ ಅನ್ನೂದಿಲ್ಲ. ಆದರ ಆಡಿಟ್‌ದವ್ರಿಗೆ ಏನ ಹೇಳೂಣು?” ಎಂದರು. ಪ್ರಶ್ನೆ ಯೋಗ್ಯವೇ. ಹೆಚ್ಚುವರಿ ಮೊತ್ತವನ್ನು ತುಪ್ಪದ ಖಾತೆಗೆ ಹಾಕಬೇಡಿರಿ. ‘ಬತ್ತಿದ ಪಶುಗಳ ಮೇವು’ ಎಂದು ಬೇರೆ ಖಾತೆ ತೆರೆದು ಅಲ್ಲಿ ತೋರಿಸಿರಿ, ಅದನ್ನು ಆ ಮನೆಗಳವರಿಗೆ ಮೇವಿನ ರೂಪದಲ್ಲಿಯೇ ಕೊಡಿರಿ ಎಂದು ಹೇಳಿದೆ. ಆ ಮೇವನ್ನು ನನ್ನ ಅಂಗಡಿಯಿಂದ ಕೊಳ್ಳಬಾರದೆಂಬ ಷರತ್ತನ್ನೂ ನಾನೇ ಬರೆಯಿಸಿದೆ. ಖಾತೆ ತೆರೆಯಲು ಠರಾವು ಆಗಿದೆ. ತುಪ್ಪದ ದರವನ್ನು ದೀಪಾವಳಿಯ ನಂತರದ ಸಭೆಯಲ್ಲಿ ಗೊತ್ತುಪಡಿಸುವುದೆಂದು ನಿಶ್ಚಯವಾಗಿದೆ.